ಚಂದ್ರಶಿಲೆಯ ಕಥೆಯೂ ಶ್ರೀರಂಗಪಟ್ಟಣದ ಕೊಳ್ಳೆಯೂ

೧

ಕುತೂಹಲವೇ ಜೀವಾಳವಾಗಿರುವ ಕಾದಂಬರಿಗೆ ಇತರ ಕಾವ್ಯಪ್ರಕಾರಗಳಿಗಿಲ್ಲದ ಒಂದು ದೌರ್ಭಾಗ್ಯವುಂಟು. ಶಾಕುಂತಲದ ಕಥೆಯನ್ನು ಮೊದಲೇ ತಿಳಿಯದೆ ಆ ನಾಟಕವನ್ನು ಓದುವವರು ನಮ್ಮಲ್ಲಿ ವಿರಳ. ಅದರಿಂದ ರಸಕ್ಕೇನೂ ಕುಂದು ಬಂದಿಲ್ಲ. ಪತ್ತೇದಾರಿ ಕಾದಂಬರಿಯಾದರೋ ಗುಟ್ಟು ಬಯಲಾದ ಕ್ಷಣದಲ್ಲಿಯೇ ತನ್ನ ಆಯುಸ್ಸನ್ನು ಮುಗಿಸಿಕೊಳ್ಳುವುದೆಂದು ಲೋಕದ ಎಣಿಕೆ. ಒಮ್ಮೆ ಓದಿದವನು ಮರಳಿ ಓದುವುದಿಲ್ಲ. ಓದದವನಿಗೂ ನಾಲ್ಕು ಜನರ ಬಾಯಿಂದ ಗುಟ್ಟು ತಿಳಿದುಹೋಗಿರುತ್ತದೆ. ಹೀಗಿದ್ದರೂ ಈ ಜಾತಿಯ ಕೆಲವು ಹಳೆಯ ಗ್ರಂಥಗಳು ನೂರೈವತ್ತು ವರ್ಷಗಳ ಅನಂತರವೂ ಅಚ್ಚಾಗುತ್ತಿವೆ, ಓದಲ್ಪಡುತ್ತಿವೆ, ವಿದ್ವಾಂಸರ ಚರ್ಚೆಗೂ ಪಾತ್ರವಾಗುತ್ತಿವೆ. ಗುಟ್ಟು ತೀರಿದ ಮೇಲೆ ಅವುಗಳಲ್ಲಿ ಉಳಿದಿರುವುದು ಏನು?

ಈ ಪ್ರಶ್ನೆಯನ್ನು ಒಂದೇ ಒಂದು ಗ್ರಂಥವನ್ನು ಹಿಡಿದು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಗ್ರಂಥವು ವಿಲ್ಕೀ ಕಾಲಿನ್ಸನೆಂಬ ಆಂಗ್ಲ ಲೇಖಕನು ೧೮೬೮ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’, ಎಂದರೆ ‘ಚಂದ್ರಶಿಲೆ’. ಇದನ್ನೇ ಆರಿಸಿಕೊಂಡುದಕ್ಕೆ ಕನ್ನಡಿಗರಿಗೆ ಸಂಬಂಧಪಟ್ಟ ಕಾರಣವೊಂದಿದೆ. ಇಂಗ್ಲಿಷಿನ ದೀರ್ಘ ಪತ್ತೇದಾರಿ ಕಾದಂಬರಿಗಳಲ್ಲಿ ಆದ್ಯವೆಂದು ಅನೇಕರು ಎಣಿಸುವ ಈ ಗ್ರಂಥದ ಮೊದಲನೆಯ ಪುಟ ತೆರೆಯುವುದು ಲಂಡನ್ನಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದ ಕೋಟೆಯ ಮುಂದೆ, ೧೭೯೯ನೆಯ ಇಸವಿ ಮೇ ತಿಂಗಳಲ್ಲಿ. ವಿಚಾರಕ್ಕಾಗಿ ಕಥೆಯ ಗುಟ್ಟನ್ನು ಇಲ್ಲಿ ಹೇಳಲೇಬೇಕಾಗಿದೆ. ಮೊದಲ ಓದಿನ ಕುತೂಹಲವನ್ನು ಕಳೆದುಕೊಳ್ಳಲೊಲ್ಲದ ವಾಚಕರು ಗ್ರಂಥವನ್ನು ಓದಿ ಅನಂತರ ಈ ಲೇಖನಕ್ಕೆ ಬರುವುದು ಯುಕ್ತ.

೨

ಕಾಲಿನ್ಸನು ೧೮೨೪ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ೧೮೮೯ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ತಂದೆ ಪ್ರಸಿದ್ಧನಾದ ಚಿತ್ರಕಾರ. ಕಾದಂಬರೀಕಾರ ಚಾರ್ಲ್ಸ್ ಡಿಕನ್ಸನು ಅವನ ಆಪ್ತಮಿತ್ರ. ಡಿಕನ್ಸನು ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ಎಂಬ ವಾರಪತ್ರಿಕೆಯಲ್ಲಿ ೧೮೫೯-೬೦ರಲ್ಲಿ ಕಾಲಿನ್ಸನ ‘ದಿ ವುಮನ್ ಇನ್ ವೈಟ್’ ಎಂಬ ಕಥೆಯು ಬಿಡಿಬಿಡಿಯಾಗಿ ಬಂದು ಅವನಿಗೆ ಬಹಳ ಕೀರ್ತಿಯನ್ನು ತಂದಿತು. ‘ಚಂದ್ರಶಿಲೆ’ಯೂ ಅದೇ ಪತ್ರಿಕೆಯಲ್ಲಿ ೧೮೬೮ರ ಜನವರಿ ೪ರಿಂದ ಆಗಸ್ಟ್ ೮ರವರೆಗೆ ೩೨ ವಾರಗಳು ನಡೆಯಿತು. ವಾರಕ್ಕೊಂದು ಭಾಗವನ್ನು ಓದಿ ಮುಂದಿನ ವಾರದವರೆಗೆ ಕಾದಿರಬೇಕಾದ ಓದುಗನಿಗಾಗಿ ರಚಿತವಾದುದರಿಂದ ಪ್ರತಿಯೊಂದು ಭಾಗದ ಕೊನೆಯಲ್ಲಿಯೂ ಸಂಶಯದ ಒಂದು ಎಳೆಯನ್ನು ಬಿಟ್ಟಿರುವುದು ಕಾಣುತ್ತದೆ. ಬರೆಯುತ್ತಿದ್ದ ಕಾಲದಲ್ಲಿ ಲೇಖಕನು ಸಂಧಿವಾತದಿಂದ ನರಳುತ್ತಿದ್ದನು. ೧೮೬೮ರ ಮಾರ್ಚಿಯಲ್ಲಿ ಅವನ ತಾಯಿ ತೀರಿಕೊಂಡಳು. ನೋವಿನ ಶಮನಕ್ಕೆ ಅಫೀಮಿನ ಅರಕವನ್ನು ಸೇವಿಸುತ್ತ, ಕೈ ಸಾಗದಾಗ ಬಾಯಿಂದ ಹೇಳಿ ಬರೆಯಿಸುತ್ತ ಅವನು ಗ್ರಂಥವನ್ನು ಮುಗಿಸಿದನು. ಈ ಅಫೀಮು ಕಥೆಯೊಳಕ್ಕೂ ಬಂದಿರುವುದನ್ನು ಮುಂದೆ ನೋಡುವೆವು.

ಆ ಕಾಲದ ಇಂಗ್ಲೆಂಡಿನಲ್ಲಿ ಪತ್ತೇದಾರನೆಂಬವನೇ ಹೊಸಬ. ಸ್ಕಾಟ್ಲೆಂಡ್ ಯಾರ್ಡಿನ ಪತ್ತೇದಾರ ಶಾಖೆಯು ಸ್ಥಾಪಿತವಾದುದು ೧೮೪೨ರಲ್ಲಿ. ೧೮೬೦ರಲ್ಲಿ ವಿಲ್ಟ್‌ಷೈರಿನ ಒಂದು ದೊಡ್ಡ ಮನೆಯಲ್ಲಿ ಶಿಶುಹತ್ಯೆ ನಡೆದಾಗ ಆ ಶಾಖೆಯ ವಿಚರ್ ಎಂಬ ಅಧಿಕಾರಿಯು ಕಾಣೆಯಾದ ಒಂದು ರಾತ್ರಿಯಂಗಿಯ ಜಾಡನ್ನು ಹಿಡಿದು ಮನೆಯ ಮಗಳನ್ನೇ ಸಂಶಯಿಸಿದನು. ಜನರು ಅವನನ್ನು ಹಳಿದರು; ೧೮೬೫ರಲ್ಲಿ ಆಕೆಯೇ ತಪ್ಪೊಪ್ಪಿಕೊಂಡಳು. ಕಾಲಿನ್ಸನ ಕಥೆಯಲ್ಲಿಯೂ ಬಣ್ಣದ ಕಲೆ ತಗಲಿದ ಒಂದು ರಾತ್ರಿಯಂಗಿಯೇ ಮುಖ್ಯ ಸಾಕ್ಷಿ. ಅಲ್ಲಿಯೂ ಒಬ್ಬ ಪತ್ತೇದಾರ ಮನೆಯ ಮಗಳನ್ನು ಸಂಶಯಿಸುತ್ತಾನೆ. ಗುಲಾಬಿ ಗಿಡಗಳಲ್ಲಿ ಪ್ರೀತಿಯುಳ್ಳ ಈ ಸಾರ್ಜೆಂಟ್ ಕಫ್ ಎಂಬವನ ವಂಶದಲ್ಲಿಯೇ ಅನಂತರದ ಪತ್ತೇದಾರ ನಾಯಕರಲ್ಲಿ ಅನೇಕರು ಹುಟ್ಟಿದರೆನ್ನಬಹುದು.

೩

ಕಥೆಯ ಸಾರಾಂಶವಿದು. ಘಜನಿಯ ಮಹಮೂದನ ದಾಳಿಗೆ ಮುಂಚೆ ಸೋಮನಾಥದಲ್ಲಿ ಚಂದ್ರದೇವನ ವಿಗ್ರಹದ ಹಣೆಯಲ್ಲಿ ಒಂದು ಹಳದಿಯ ವಜ್ರವಿದ್ದಿತಂತೆ. ಅದನ್ನು ಮೂವರು ಬ್ರಾಹ್ಮಣರು ಕಾಶಿಗೆ ಸಾಗಿಸಿದರು. ವಿಷ್ಣುವು ಅವರ ಸ್ವಪ್ನದಲ್ಲಿ ಕಾಣಿಸಿಕೊಂಡು, ತಲೆಮಾರು ತಲೆಮಾರಿಗೂ ಮೂವರು ಅರ್ಚಕರು ಆ ರತ್ನವನ್ನು ಕಾಯುತ್ತಿರಬೇಕೆಂದು ಅಪ್ಪಣೆಮಾಡಿದನು. ಔರಂಗಜೇಬನ ಕಾಲದಲ್ಲಿ ಅದು ಅಪಹೃತವಾಗಿ ಕೈಯಿಂದ ಕೈಗೆ ದಾಟಿ ಟಿಪ್ಪೂ ಸುಲ್ತಾನನ ಬಳಿಗೆ ಬಂದಿತು. ಅವನು ಅದನ್ನು ಒಂದು ಕಠಾರಿಯ ಹಿಡಿಯಲ್ಲಿ ಕೂರಿಸಿದನು. ೧೭೯೯ರ ಮೇ ೪ರಂದು ಜಾನ್ ಹರ್ನ್‌ಕಾಸಲ್ ಎಂಬ ಆಂಗ್ಲ ಅಧಿಕಾರಿಯು ಅರಮನೆಯ ಆಯುಧಶಾಲೆಯಲ್ಲಿ ಕಾವಲುಗಾರರನ್ನು ಕೊಂದು ಅದನ್ನು ಎತ್ತಿಕೊಂಡನು. ಸಾಯುತ್ತಿದ್ದ ಮೂರನೆಯ ಕಾವಲುಗಾರನು ಅವನನ್ನೂ ಅವನ ವಂಶವನ್ನೂ ಶಪಿಸಿದನು. ಇದನ್ನು ಬರೆದಿಟ್ಟವನು ಹರ್ನ್‌ಕಾಸಲನ ದಾಯಾದಿ. ಕೊಂದದ್ದನ್ನು ಕಣ್ಣಾರೆ ಕಾಣದುದರಿಂದ ತಾನು ಮೇಲಧಿಕಾರಿಗಳಿಗೆ ದೂರು ಕೊಡಲಾರೆನೆಂದು ಅವನು ಹೇಳಿಕೊಳ್ಳುತ್ತಾನೆ. ಹೀಗೆ ವಿಷಯವು ಕುಟುಂಬದ ಕಾಗದಗಳಲ್ಲಿ ಅಡಗಿಹೋಗುತ್ತದೆ.

ಐವತ್ತು ವರ್ಷಗಳ ಅನಂತರ, ಹರ್ನ್‌ಕಾಸಲನು ಸಾಯುವಾಗ ಬರೆದಿಟ್ಟ ಮರಣಶಾಸನದಂತೆ, ಆ ವಜ್ರವು ಅವನ ತಂಗಿಯ ಮಗಳಾದ ರೇಚಲ್ ವೆರಿಂಡರಳಿಗೆ ಅವಳ ೧೮ನೆಯ ಹುಟ್ಟುಹಬ್ಬದ ದಿನ, ೧೮೪೮ರ ಜೂನ್ ೨೧ರಂದು ತಲಪುತ್ತದೆ. ತಂದುಕೊಟ್ಟವನು ಅವಳಲ್ಲಿ ಅನುರಕ್ತನಾದ ಬಂಧು ಫ್ರಾಂಕ್ಲಿನ್ ಬ್ಲೇಕ್. ಅದೇ ರಾತ್ರಿ ವಜ್ರವು ಅವಳ ಕೋಣೆಯಿಂದ ಕಾಣೆಯಾಗುತ್ತದೆ. ಗಾರುಡಿಗರ ವೇಷದಲ್ಲಿ ಮನೆಯ ಸುತ್ತ ಸುಳಿದಾಡುತ್ತಿದ್ದ ಮೂವರು ಭಾರತೀಯರನ್ನು ಹಿಡಿದು ಸೆರೆಯಲ್ಲಿಡುತ್ತಾರೆ. ಅವರು ನಿರಪರಾಧಿಗಳೆಂದು ತಿಳಿಯುತ್ತದೆ. ರೇಚಲಳು ಮಾತನಾಡಲು ಒಲ್ಲಳು. ಸಂಶಯಕ್ಕೆ ಸಿಕ್ಕಿದ ರೋಸನಾ ಎಂಬ ದಾಸಿಯು ಕಾಲಿಟ್ಟವರನ್ನು ನುಂಗುವ ಕಡಲತೀರದ ಮರಳಿಗೆ ಬಿದ್ದು ಸಾಯುತ್ತಾಳೆ. ಎಲ್ಲರಿಗಿಂತ ಹೆಚ್ಚಿನ ಶ್ರದ್ಧೆಯಿಂದ ಕಳ್ಳನನ್ನು ಹುಡುಕುವವನು ಫ್ರಾಂಕ್ಲಿನ್ನನೇ. ಕೊನೆಗೆ ಅವನು ಆ ಮರಳಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ಎಳೆದು, ಅದರೊಳಗಿದ್ದ ಕಲೆಯ ರಾತ್ರಿಯಂಗಿಯನ್ನು ಬಿಡಿಸಿ, ಅದರ ಮೇಲೆ ಹೊಲಿದ ಹೆಸರನ್ನು ಓದುತ್ತಾನೆ. ಆ ಹೆಸರು ಅವನದೇ!

ನಡೆದುದು ಹೀಗೆ. ಭೋಜನಸಮಯದಲ್ಲಿ ವಾದಕ್ಕೆ ಸಿಕ್ಕಿದ ವೈದ್ಯನೊಬ್ಬನು ತನ್ನ ಮಾತನ್ನು ಸಾಧಿಸುವುದಕ್ಕಾಗಿ ಫ್ರಾಂಕ್ಲಿನ್ನನಿಗೆ ತಿಳಿಯದಂತೆ ಅಫೀಮಿನ ಅರಕವನ್ನು ಕುಡಿಸಿದ್ದನು. ವಜ್ರದ ಕ್ಷೇಮಕ್ಕಾಗಿ ಚಿಂತಿಸುತ್ತ ಮಲಗಿದ ಫ್ರಾಂಕ್ಲಿನ್ನನು ಅಮಲಿನಲ್ಲಿ ಎದ್ದುಹೋಗಿ ಅದನ್ನು ಕಾಪಾಡುವ ಉದ್ದೇಶದಿಂದಲೇ ತೆಗೆದುಕೊಂಡನು. ಬೆಳಗಾದಾಗ ಅವನಿಗೆ ಏನೂ ನೆನಪಿರಲಿಲ್ಲ. ರೇಚಲಳು ಅದನ್ನು ಕಣ್ಣಾರೆ ನೋಡಿದ್ದಳು. ಪ್ರೀತಿಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನ ಕೈಯಿಂದ ವಜ್ರವನ್ನು ಪಡೆದು ಒತ್ತೆಯಿಟ್ಟವನು ಗಾಡ್‌ಫ್ರಿ ಏಬಲ್‌ವೈಟ್ ಎಂಬ ಧರ್ಮಸಂಸ್ಥೆಗಳ ಮುಖಂಡ. ಅವನನ್ನು ಆ ಮೂವರು ಬ್ರಾಹ್ಮಣರು ಕೊಂದು ರತ್ನವನ್ನು ಸೋಮನಾಥಕ್ಕೆ ಮರಳಿ ಒಯ್ಯುತ್ತಾರೆ.

೪

ಕಥೆಯ ಮೊದಲ ಹತ್ತು ಹನ್ನೆರಡು ಪುಟಗಳನ್ನು ಹಿಂದಿನ ಓದುಗರು ಬಹುಮಟ್ಟಿಗೆ ಪೀಠಿಕೆಯೆಂದು ದಾಟಿಹೋದರು. ಪುಸ್ತಕವು ಕೇಳುವ ಪ್ರಶ್ನೆ ರೇಚಲಳ ಕೋಣೆಯಿಂದ ವಜ್ರವನ್ನು ಒಯ್ದವನು ಯಾರೆಂಬುದು. ಆದುದರಿಂದ ಶ್ರೀರಂಗಪಟ್ಟಣವು ಅವರಿಗೆ ದೂರದ ಒಂದು ಬಣ್ಣದ ಪರದೆಯಾಗಿ ಮಾತ್ರ ಕಂಡಿರಬೇಕು. ಗುಟ್ಟನ್ನು ತಿಳಿದು ಓದುವ ಇಂದಿನವನು ಅಲ್ಲಿಯೇ ನಿಲ್ಲುತ್ತಾನೆ. ವಜ್ರವು ಮೊದಲು ಕಳವಾದುದು ಆ ಪೀಠಿಕೆಯಲ್ಲಿ; ಕಳ್ಳನ ಹೆಸರೂ ಅಲ್ಲಿಯೇ ಇದೆ. ಹೆಸರು ಗೊತ್ತಿದ್ದೂ ಅವನನ್ನು ಯಾವ ಪತ್ತೇದಾರನೂ ಹುಡುಕುವುದಿಲ್ಲ, ಯಾವ ನ್ಯಾಯಾಧಿಪತಿಯೂ ವಿಚಾರಿಸುವುದಿಲ್ಲ. ೧೯೭೩ರಲ್ಲಿ ಜಾನ್ ರೀಡ್ ಎಂಬ ವಿದ್ವಾಂಸರು, ಕಾದಂಬರಿಯ ನಿಜವಾದ ಅಪರಾಧವು ಈ ಒಪ್ಪಿಕೊಳ್ಳದ ಮೊದಲನೆಯ ಅಪಹಾರವೇ ಎಂದು ಪ್ರತಿಪಾದಿಸಿದರು. ಅವರ ಅಭಿಪ್ರಾಯವನ್ನು ಶ್ರೀರಂಗಪಟ್ಟಣದ ಚರಿತ್ರೆಯೊಡನೆ ಇಟ್ಟು ನೋಡುವುದು ನಮ್ಮ ಕೆಲಸ.

ಮೇ ೪ರ ಮಧ್ಯಾಹ್ನ ಕೋಟೆಯ ಮೇಲೆ ಏರಿಹೋದ ಸೈನ್ಯವನ್ನು ನಡೆಸಿದವನು ಮೇಜರ್ ಜನರಲ್ ಡೇವಿಡ್ ಬೇರ್ಡ್. ಇವನು ೧೭೮೦ರ ಪೊಳ್ಳಿಲೂರು ಯುದ್ಧದಲ್ಲಿ ಹೈದರನ ಕಡೆಯವರಿಗೆ ಸಿಕ್ಕಿ ೧೭೮೪ರವರೆಗೆ ಇದೇ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದವನು. ಸಂಜೆಯ ಹೊತ್ತಿಗೆ ಕೋಟೆ ವಶವಾಗಿ, ಬಾಗಿಲ ಬಳಿಯ ಶವಗಳ ರಾಶಿಯಲ್ಲಿ ಸುಲ್ತಾನನ ದೇಹವು ಸಿಕ್ಕಿತು. ಆ ರಾತ್ರಿ ನಡೆದುದನ್ನು ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಕೆಲವು ದಿನಗಳಲ್ಲಿಯೇ ತನ್ನ ಅಣ್ಣನಾದ ಗವರ್ನರ್ ಜನರಲನಿಗೆ ಬರೆದ ಕಾಗದದಿಂದ ತಿಳಿಯಬಹುದು. ಪಟ್ಟಣದಲ್ಲಿ ಕೊಳ್ಳೆಯಾಗದೆ ಉಳಿದ ಮನೆ ಬಹುಶಃ ಇರಲಿಲ್ಲವೆಂದೂ, ಬಹುಬೆಲೆಯ ರತ್ನಗಳನ್ನೂ ಚಿನ್ನದ ಗಟ್ಟಿಗಳನ್ನೂ ದಂಡಿನ ಬಜಾರಿನಲ್ಲಿ ಸಿಪಾಯಿಗಳೂ ಸೋಲ್ಜರುಗಳೂ ಮಾರಾಟಕ್ಕೆ ತಂದರೆಂದೂ, ತಾನು ೫ರ ಬೆಳಗ್ಗೆ ಅಧಿಕಾರ ವಹಿಸಿ ಗಲ್ಲಿಗೇರಿಸುವುದು, ಚಾವಟಿಯಿಂದ ಹೊಡೆಸುವುದು ಮುಂತಾದ ಉಪಾಯಗಳಿಂದ ಶಾಂತಿಯನ್ನು ಸ್ಥಾಪಿಸಿದೆನೆಂದೂ ಅವನು ಬರೆದಿರುತ್ತಾನೆ. ಕಾದಂಬರಿಯಲ್ಲಿ ಕಳ್ಳರಿಗೆ ಗಲ್ಲೆಂದು ಸಾರಿಸುವವನು ಬೇರ್ಡ್. ಚರಿತ್ರೆಯಲ್ಲಿ ಆ ಶಿಕ್ಷೆಯನ್ನು ನಡೆಸಿದವನು ಅವನ ಸ್ಥಾನಕ್ಕೆ ಬಂದ ವೆಲ್ಲೆಸ್ಲಿ. ತಾನು ಗೆದ್ದ ಕೋಟೆಯು ಮರುದಿನವೇ ತನಗಿಂತ ಕಿರಿಯನ ಕೈಗೆ ಹೋಯಿತೆಂಬ ಅಸಮಾಧಾನವು ಬೇರ್ಡನಿಗೆ ಬಹುಕಾಲ ಇದ್ದಿತು.

ಇಲ್ಲಿ ಗಮನಿಸಬೇಕಾದುದು ಕೊಳ್ಳೆಯ ಎರಡು ವಿಧ. ಸೋಲ್ಜರನೊಬ್ಬನು ಮನೆಗೆ ನುಗ್ಗಿ ಒಡವೆಯನ್ನು ಎತ್ತಿಕೊಂಡರೆ ಅದು ಕಳವು, ಅದಕ್ಕೆ ಗಲ್ಲು. ಅರಮನೆಯ ಭಂಡಾರವನ್ನು ಪ್ರೈಜ್ ಏಜೆಂಟರು ಪಟ್ಟಿಮಾಡಿ, ಬೆಲೆಕಟ್ಟಿ, ಸೇನಾಪತಿಯಿಂದ ಸಿಪಾಯಿಯವರೆಗೆ ಪದವಿಗೆ ತಕ್ಕ ಪಾಲಾಗಿ ಹಂಚಿದರೆ ಅದು ನ್ಯಾಯ. ಟಿಪ್ಪುವಿನ ಹುಲಿಯ ಸಿಂಹಾಸನವನ್ನು ತುಂಡುತುಂಡಾಗಿ ಒಡೆದುದು ಈ ಎರಡನೆಯ ಕ್ರಮದಲ್ಲಿ. ಅದನ್ನು ಇಡಿಯಾಗಿ ರಾಜನಿಗೆ ಕಳುಹಿಸಬೇಕೆಂದು ಗವರ್ನರ್ ಜನರಲನು ಬಯಸಿದರೂ ಆ ವೇಳೆಗೆ ಕೆಲಸ ಮುಗಿದಿತ್ತು. ಅದರ ಚಿನ್ನದ ಹುಲಿಯ ತಲೆಯೂ ರತ್ನಖಚಿತವಾದ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದುವು. ಸೋಲ್ಜರನ ಮೇಲೆ ಬಿದ್ದಿರುವ ಮರದ ಹುಲಿಯ ಯಂತ್ರವು ೧೮೦೮ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶಿತವಾಗಿ, ಈಗ ಅದೇ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸುಲ್ತಾನನ ಗ್ರಂಥಭಂಡಾರದ ಹಸ್ತಪ್ರತಿಗಳು ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋದುವು. ಅವುಗಳ ಸೂಚಿಯನ್ನು ಚಾರ್ಲ್ಸ್ ಸ್ಟುವರ್ಟ್ ೧೮೦೯ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚುಮಾಡಿಸಿದನು.

ಕಾಲಿನ್ಸನು ಹರ್ನ್‌ಕಾಸಲನನ್ನು ಕೊಲೆಗಾರನೆಂದು ಧೈರ್ಯವಾಗಿಯೇ ಹೇಳುತ್ತಾನೆ. ಆದರೆ ದೋಷವನ್ನೆಲ್ಲ ಒಬ್ಬ ದುಷ್ಟನ ತಲೆಗೆ ಕಟ್ಟುವುದರಿಂದ ಪಟ್ಟಿಮಾಡಿ ಹಂಚಿಕೊಂಡವರ ವಿಷಯದಲ್ಲಿ ಪೀಠಿಕೆಯು ಮೌನವಾಗಿದೆ. ಪೀಠಿಕೆಯು ಬಿಟ್ಟ ಮಾತನ್ನು ಕಥೆಯ ಗುಟ್ಟು ಹೇಗೆ ಪೂರೈಸುತ್ತದೆಂಬುದನ್ನು ಆರನೆಯ ಭಾಗದಲ್ಲಿ ನೋಡಬಹುದು.

೫

ಅದಕ್ಕೆ ಮುಂಚೆ ಗ್ರಂಥಕಾರನ ಭಾರತಜ್ಞಾನವನ್ನು ಸ್ವಲ್ಪ ಪರೀಕ್ಷಿಸಬೇಕು. ಸೋಮನಾಥದ ದೇವರು ನಾಲ್ಕು ಕೈಗಳ ಚಂದ್ರವಿಗ್ರಹವಲ್ಲ, ಶಿವಲಿಂಗ. ದಕ್ಷಶಾಪದಿಂದ ಕ್ಷಯಿಸುತ್ತಿದ್ದ ಚಂದ್ರನು ಪ್ರಭಾಸಕ್ಷೇತ್ರದಲ್ಲಿ ಶಿವನನ್ನು ಆರಾಧಿಸಿದುದರಿಂದ ಆ ಈಶ್ವರನಿಗೆ ಸೋಮನಾಥನೆಂದು ಹೆಸರು. ಭಕ್ತನನ್ನೇ ದೇವರೆಂದು ಲೇಖಕನು ಭಾವಿಸಿದನು. ಅದರ ಮೇಲೆ ಆ ದೇವರ ರತ್ನದ ಕಾವಲಿಗೆ ವಿಷ್ಣುವಿನಿಂದ ಅಪ್ಪಣೆಯನ್ನೂ ಕೊಡಿಸಿದನು. ನಮ್ಮ ಕವಿಗಳ ಚಂದ್ರಕಾಂತವು ಬೆಳುದಿಂಗಳಲ್ಲಿ ಜಿನುಗುವ ಶಿಲೆ. ಇಲ್ಲಿಯದು ಚಂದ್ರನ ವೃದ್ಧಿಕ್ಷಯಗಳೊಡನೆ ಕಾಂತಿಯು ಹೆಚ್ಚಿ ತಗ್ಗುವ ಹಳದಿಯ ವಜ್ರ. ರತ್ನದ ಹೃದಯದಲ್ಲಿ ಮೋಡದಂತಹ ಒಂದು ದೋಷವಿದ್ದಿತೆಂದು ಮಾತ್ರ ಅವನು ಹೇಳಿರುವುದು ಆಶ್ಚರ್ಯಕರವಾಗಿ ನಮ್ಮ ರತ್ನಶಾಸ್ತ್ರಕ್ಕೆ ಹೊಂದುತ್ತದೆ. ಶುಭರತ್ನದಿಂದ ರಾಜರಿಗೆ ಶುಭ, ಅಶುಭರತ್ನದಿಂದ ಅನಿಷ್ಟವೆಂಬುದು ವರಾಹಮಿಹಿರನ ಬೃಹತ್ಸಂಹಿತೆಯ ರತ್ನಪರೀಕ್ಷೆಯ ಆರಂಭದಲ್ಲಿಯೇ ಬರುವ ಮಾತು.

ಟಿಪ್ಪುವಿನ ಅರಮನೆಯಲ್ಲಿ ಆ ಮೂವರು ಬ್ರಾಹ್ಮಣರು ಮುಸಲ್ಮಾನರಂತೆ ನಟಿಸುತ್ತಿದ್ದರೆಂಬ ಕಲ್ಪನೆಯೂ ಚರಿತ್ರೆಯ ಮುಂದೆ ನಿಲ್ಲುವುದು ಕಷ್ಟ. ಸುಲ್ತಾನನ ಹಣಕಾಸಿನ ಆಡಳಿತವನ್ನು ನಡೆಸುತ್ತಿದ್ದ ಪೂರ್ಣಯ್ಯನವರು ಬಹಿರಂಗವಾಗಿಯೇ ಮಾಧ್ವಬ್ರಾಹ್ಮಣರು. ಅರಮನೆಗೆ ಸಮೀಪದಲ್ಲಿಯೇ, ಕೋಟೆಯೊಳಗೆ, ಶ್ರೀರಂಗನಾಥನ ಪೂಜೆ ನಡೆಯುತ್ತಿದ್ದಿತು. ಶೃಂಗೇರಿಯ ಸ್ವಾಮಿಗಳಿಗೆ ಟಿಪ್ಪುವು ಬರೆಯಿಸಿದ ಕನ್ನಡ ಪತ್ರಗಳನ್ನು ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಬೆಳಕಿಗೆ ತಂದರು. ಆ ಆಸ್ಥಾನದಲ್ಲಿ ಸೇವೆಗೆ ಸೇರುವುದಕ್ಕೆ ಬ್ರಾಹ್ಮಣನು ವೇಷ ಹಾಕಬೇಕಾಗಿರಲಿಲ್ಲವೆಂಬುದನ್ನು ತೋರಿಸುವುದಕ್ಕೆ ಇಷ್ಟು ಸಾಕು.

ಲೇಖಕನು ತನ್ನ ಮುನ್ನುಡಿಯಲ್ಲಿ ಎರಡು ನಿಜವಾದ ವಜ್ರಗಳನ್ನು ಆಧಾರವಾಗಿ ಹೇಳಿರುತ್ತಾನೆ. ಒಂದು ಕೋಹಿನೂರು. ಮತ್ತೊಂದು ರಷ್ಯದ ಚಕ್ರವರ್ತಿಗಳ ರಾಜದಂಡದ ತುದಿಯಲ್ಲಿದ್ದ, ಭಾರತದ ಯಾವುದೋ ವಿಗ್ರಹದ ಕಣ್ಣಾಗಿದ್ದಿತೆನ್ನಲಾದ ವಜ್ರ. ಈ ಎರಡನೆಯದನ್ನು ಓರ್ಲೋವ್ ಎಂದು ಕರೆಯುವರು. ಶ್ರೀರಂಗದ ರಂಗನಾಥನ ಆಲಯದಿಂದ ಫ್ರೆಂಚ್ ಸೈನಿಕನೊಬ್ಬನು ಅದನ್ನು ಕದ್ದನೆಂದು ಐತಿಹ್ಯವುಂಟು. ಐತಿಹ್ಯಕ್ಕೆ ದೃಢವಾದ ಆಧಾರವಿಲ್ಲದಿದ್ದರೂ ಇಲ್ಲೊಂದು ಯೋಗಾಯೋಗವಿದೆ. ಕಾವೇರಿಯ ದ್ವೀಪಗಳಲ್ಲಿ ಆದಿರಂಗವೆಂದು ಹೆಸರಾದುದು ಶ್ರೀರಂಗಪಟ್ಟಣ, ಅಂತ್ಯರಂಗವೆಂದು ಹೆಸರಾದುದು ಶ್ರೀರಂಗ. ಒಂದರ ದೇವಾಲಯದ ಕಳವಿನ ಕಥೆಯು, ಬಹುಶಃ ಲೇಖಕನಿಗೂ ತಿಳಿಯದಂತೆ, ಮತ್ತೊಂದರ ಕೋಟೆಯ ಕೊಳ್ಳೆಯೊಡನೆ ಈ ಕಾದಂಬರಿಯಲ್ಲಿ ಕೂಡಿಕೊಂಡಿತು.

೬

ನಮ್ಮ ದೇಶದ ಓದುಗನಿಗೆ ಈ ಕಥೆಯು ಅಪರಿಚಿತವೆನ್ನಿಸುವುದಿಲ್ಲ. ಕಳವಾದ ರತ್ನ, ಮಿಥ್ಯಾಪವಾದ, ಅಪವಾದವನ್ನು ಕಳೆದುಕೊಳ್ಳಲು ಹೊರಟ ನಾಯಕ, ಇವೆಲ್ಲವೂ ಭಾಗವತದ ದಶಮಸ್ಕಂಧದಲ್ಲಿಯೂ ವಿಷ್ಣುಪುರಾಣದ ನಾಲ್ಕನೆಯ ಅಂಶದಲ್ಲಿಯೂ ಬರುವ ಸ್ಯಮಂತಕೋಪಾಖ್ಯಾನದಲ್ಲಿವೆ. ಭಾದ್ರಪದ ಶುದ್ಧ ಚೌತಿಯಂದು ಚಂದ್ರನನ್ನು ಕಂಡವರಿಗೆ ಕಳವಿನ ಅಪವಾದ ಬರುವುದೆಂದೂ, ಸ್ಯಮಂತಕದ ಕಥೆಯನ್ನು ಕೇಳಿದರೆ ಅದು ಕಳೆಯುವುದೆಂದೂ ಕನ್ನಡನಾಡಿನ ಮನೆಮನೆಯಲ್ಲಿಯೂ ನಂಬಿಕೆಯುಂಟು. ಚಂದ್ರ, ರತ್ನ, ಕಳವಿನ ಅಪವಾದ, ಈ ಮೂರನ್ನೂ ಒಂದೇ ಸೂತ್ರದಲ್ಲಿ ನಮ್ಮವರು ಎಂದೋ ಪೋಣಿಸಿಟ್ಟಿದ್ದಾರೆ.

ಆದರೆ ಎರಡು ಕಥೆಗಳಿಗೂ ಇರುವ ಭೇದವೇ ಹೆಚ್ಚು ಬೋಧಕವಾದುದು. ಸತ್ರಾಜಿತನ ತಮ್ಮನಾದ ಪ್ರಸೇನನು ಮಣಿಯನ್ನು ಧರಿಸಿ ಬೇಟೆಗೆ ಹೋಗಿ ಸಿಂಹದಿಂದ ಹತನಾದನು. ಸಿಂಹವನ್ನು ಜಾಂಬವಂತನು ಕೊಂದನು. ದ್ವಾರಕೆಯ ಜನರು ಕೃಷ್ಣನನ್ನು ಶಂಕಿಸಿದರು. ಕೃಷ್ಣನು ನಗರದ ಜನರನ್ನು ಜೊತೆಗೆ ಕರೆದುಕೊಂಡು, ಜಾಡನ್ನು ಹಿಡಿದು ಹೋಗಿ, ಮಣಿಯನ್ನು ತಂದು ಒಡೆಯನಿಗೆ ಒಪ್ಪಿಸಿದನು. ಅಲ್ಲಿ ಹುಡುಕುವವನು ಶುದ್ಧ. ಹುಡುಕಾಟದಿಂದ ಶುದ್ಧಿಯು ಲೋಕಕ್ಕೆ ತಿಳಿಯುತ್ತದೆ. ಕಾಲಿನ್ಸನ ಕಥೆಯಲ್ಲಿ ಹುಡುಕುವವನು ಜಾಡಿನ ಕೊನೆಯಲ್ಲಿ ತನ್ನನ್ನೇ ಕಾಣುತ್ತಾನೆ. ಅವನು ಅಸತ್ಯವಾದಿಯಲ್ಲ, ಲೋಭಿಯಲ್ಲ, ಪರದ್ರೋಹಿಯಲ್ಲ. ಆದರೂ ತೆಗೆದುಕೊಂಡ ಕೈ ಅವನದೇ.

ನ್ಯಾಯಶಾಸ್ತ್ರದ ದೃಷ್ಟಿಯಿಂದಲೂ ಇದು ವಿಚಾರಯೋಗ್ಯ. ಕಾದಂಬರಿಯನ್ನು ಹಲವರು ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ತಾನು ಸ್ವತಃ ಕಂಡು ತಿಳಿದುದನ್ನು ಮಾತ್ರ ಬರೆಯಬೇಕೆಂಬುದು ಅವರಿಗೆ ವಿಧಿಸಿದ ನಿಯಮ. ಮನೆಯ ಪಾರುಪತ್ಯಗಾರನಾದ ವೃದ್ಧ ಬೆಟರೆಜ್, ಪರರ ಪಾಪಗಳನ್ನೇ ಎಣಿಸುವ ಮಿಸ್ ಕ್ಲಾಕ್, ವಕೀಲ ಬ್ರಫ್, ವೈದ್ಯನ ಸಹಾಯಕ ಎಜ್ರಾ ಜೆನಿಂಗ್ಸ್ ಮೊದಲಾದವರು ತಮ್ಮ ತಮ್ಮ ಪ್ರತ್ಯಕ್ಷವನ್ನು ಹೇಳುತ್ತ ತಮ್ಮ ತಮ್ಮ ಅಜ್ಞಾನವನ್ನೂ ತೋರಿಸಿಕೊಳ್ಳುತ್ತಾರೆ. ಇವರೆಲ್ಲರಿಗಿಂತ ಬಲವಾದ ಪ್ರತ್ಯಕ್ಷವು ರೇಚಲಳದು. ಅವಳು ಕಂಡದ್ದು ನಿಜ. ಆದರೂ ಅದರಿಂದ ಅವಳು ತೆಗೆದ ನಿರ್ಣಯವು ತಪ್ಪು. ಇಂದ್ರಿಯಕ್ಕೆ ಕೈಯ ಚಲನೆ ಗೋಚರವಾಗುತ್ತದೆ, ಅಭಿಪ್ರಾಯವು ಗೋಚರವಾಗುವುದಿಲ್ಲ. ಕೊನೆಗೆ ಸತ್ಯವನ್ನು ಹೊರಗೆಡಹುವವನು ಎಲ್ಲರೂ ಅನುಮಾನದಿಂದ ನೋಡುವ, ವಸಾಹತಿನಲ್ಲಿ ಹುಟ್ಟಿದ, ಮಿಶ್ರವಂಶದ ಜೆನಿಂಗ್ಸ್. ಮರುವರ್ಷದ ಜೂನ್ ತಿಂಗಳಲ್ಲಿ ಫ್ರಾಂಕ್ಲಿನ್ನನಿಗೆ ಮತ್ತೆ ಅಫೀಮನ್ನು ಕುಡಿಸಿ, ಸಾಕ್ಷಿಗಳ ಎದುರಿನಲ್ಲಿ ಅದೇ ಕೃತ್ಯವನ್ನು ಅವನಿಂದ ಮಾಡಿಸಿ ತೋರಿಸುತ್ತಾನೆ.

ಪೀಠಿಕೆಯು ಬಿಟ್ಟುಹೋದ ಮಾತು ಇಲ್ಲಿ ಬರುತ್ತದೆ. ಹರ್ನ್‌ಕಾಸಲನಂತಹ ದುಷ್ಟನು ವಜ್ರವನ್ನು ಎತ್ತಿದನೆಂದರೆ ಸಜ್ಜನರ ಮನಸ್ಸು ನಿಶ್ಚಿಂತವಾಗಿರುತ್ತದೆ. ಆದರೆ ಎರಡನೆಯ ಸಲ ಎತ್ತಿದವನು ಸಜ್ಜನನೇ. ಅವನ ಉದ್ದೇಶವೂ ರಕ್ಷಣೆ. ತೆಗೆದುಕೊಂಡುದು ಅವನಿಗೆ ನೆನಪಿಲ್ಲ. ಕಂಡವಳು ಅವನ ಮೇಲಿನ ಪ್ರೀತಿಯಿಂದ ಹೇಳಲಿಲ್ಲ. ಪರರ ವಸ್ತುವನ್ನು ರಕ್ಷಣೆಗಾಗಿಯೇ ತಂದಿದ್ದೇವೆಂದು ನಂಬಿ, ತಂದ ಬಗೆಯನ್ನು ಮರೆತು, ಮನೆಯವರ ಮೌನದಲ್ಲಿ ನೆಮ್ಮದಿಯಾಗಿದ್ದ ಒಂದು ಸಮಾಜದ ಚಿತ್ರವಾಗಿ ಇದನ್ನು ಓದಿದರೆ ಪೀಠಿಕೆಗೂ ಕಥೆಗೂ ನಡುವಣ ಬಿರುಕು ಮುಚ್ಚಿಹೋಗುತ್ತದೆ. ಮೊದಲನೆಯ ಓದಿನಲ್ಲಿ ಚಮತ್ಕಾರವಾಗಿ ಮಾತ್ರ ಕಂಡ ಗುಟ್ಟು ಎರಡನೆಯ ಓದಿನಲ್ಲಿ ಚರಿತ್ರೆಯ ಸಾಕ್ಷ್ಯವಾಗುತ್ತದೆ.

೭

ಈ ವ್ಯಾಖ್ಯಾನಕ್ಕೆ ವಿರುದ್ಧವಾಗಿ ಹೇಳಬಹುದಾದುದನ್ನೂ ಹೇಳಬೇಕು. ಕಾಲಿನ್ಸನು ನಮ್ಮ ಪಕ್ಷದ ವಕೀಲನಲ್ಲ. ೧೮೫೭ರ ದಂಗೆಯ ವರ್ಷ ಡಿಕನ್ಸನೊಡನೆ ಸೇರಿ ಅವನು ಬರೆದ ಕಥೆಯು ಆ ಕಾಲದ ಆಂಗ್ಲರ ಕೋಪದಿಂದಲೇ ಹುಟ್ಟಿದುದು. ಈ ಕಾದಂಬರಿಯಲ್ಲಿಯೂ ಮೂವರು ಬ್ರಾಹ್ಮಣರಿಗೆ ಹೆಸರಿಲ್ಲ, ಮಾತು ಅಲ್ಪ, ಕೊಲೆಗೆ ಹಿಂಜರಿಕೆಯಿಲ್ಲ. ಎಲ್ಲರ ಹೇಳಿಕೆಗಳನ್ನೂ ಸಂಗ್ರಹಿಸಿದ ಗ್ರಂಥದಲ್ಲಿ ಅವರ ಹೇಳಿಕೆ ಮಾತ್ರ ಇಲ್ಲ. ಅಫೀಮಿನ ವಿಷಯವನ್ನೂ ಅತಿಯಾಗಿ ಎಳೆಯಬಾರದು. ಈಸ್ಟ್ ಇಂಡಿಯಾ ಕಂಪೆನಿಯು ಭಾರತದಲ್ಲಿ ಬೆಳೆಯಿಸಿದ ಅಫೀಮು ಚೀನಕ್ಕೆ ಹೋಗುತ್ತಿದ್ದಿತು. ಇಂಗ್ಲೆಂಡಿನ ಔಷಧಿಯ ಅಫೀಮು ಹೆಚ್ಚಾಗಿ ತುರ್ಕಿಯಿಂದ ಬರುತ್ತಿದ್ದಿತು. ಫ್ರಾಂಕ್ಲಿನ್ನನ ಲೋಟದಲ್ಲಿದ್ದುದು ನಮ್ಮ ದೇಶದ ಬೆಳೆಯೆಂದು ಸಾಧಿಸಲು ಹೊರಡುವುದು ಯುಕ್ತಿಗೆ ಹೊಂದದು.

ಮತ್ತೊಂದು ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಟಿಪ್ಪುವಿನ ಕಠಾರಿಯಲ್ಲಿದ್ದಾಗಲೇ ಆ ವಜ್ರವು ಕಳವಿನ ಮಾಲಾಗಿತ್ತಲ್ಲವೇ ಎಂದು ಕೇಳಬಹುದು. ಅಹುದು, ಕಾದಂಬರಿಯೂ ಅದನ್ನು ಮರೆಮಾಡಿಲ್ಲ. ಗೆದ್ದವರ ಕೈಯಿಂದ ಗೆದ್ದವರ ಕೈಗೆ ಅದು ದಾಟಿದಷ್ಟು ಕಾಲವೂ ಅದರ ಜೊತೆಯಲ್ಲಿ ಸಾಗಿಬಂದವರು ಕಾವಲುಗಾರರು ಮಾತ್ರ. ಭೋಗಿಸುವವನಿಗೂ ಪಾಲಿಸುವವನಿಗೂ ಇರುವ ಈ ಭೇದವನ್ನು ಕಾಲಿನ್ಸನು ಚೆನ್ನಾಗಿ ಗ್ರಹಿಸಿದ್ದಾನೆ. ಸಮುದ್ರಯಾನವನ್ನು ಬೌಧಾಯನನು ಪತನೀಯ ಕರ್ಮಗಳಲ್ಲಿ ಎಣಿಸಿ ಮೂರು ವರ್ಷಗಳ ವ್ರತವನ್ನು ವಿಧಿಸುತ್ತಾನೆ. ಕಾದಂಬರಿಯ ಬ್ರಾಹ್ಮಣರು ಕೆಲಸವನ್ನು ಮುಗಿಸಿದ ಮೇಲೆ, ಒಬ್ಬರ ಮುಖವನ್ನೊಬ್ಬರು ಇನ್ನೆಂದೂ ನೋಡದಂತೆ, ಮೂರು ದಿಕ್ಕಿಗೆ ಯಾವಜ್ಜೀವ ತೀರ್ಥಯಾತ್ರೆಗೆ ಹೊರಡುತ್ತಾರೆ. ಸ್ಮೃತಿಯು ಕೇಳುವುದಕ್ಕಿಂತ ಕಠಿನವಾದ ಪ್ರಾಯಶ್ಚಿತ್ತವಿದು. ಆಂಗ್ಲರ ಕಡೆಯಲ್ಲಿ ಸ್ವಯಂಪ್ರೇರಿತನಾಗಿ ಪ್ರಾಯಶ್ಚಿತ್ತವನ್ನು ವಹಿಸಿಕೊಂಡವನು ಒಬ್ಬನೂ ಇಲ್ಲವೆಂಬುದನ್ನು ಲೇಖಕನು ಬಾಯಿಬಿಟ್ಟು ಹೇಳಿಲ್ಲ. ಓದುಗನಿಗೆ ಅದು ತಾನಾಗಿ ಹೊಳೆಯುತ್ತದೆ.

೮

ಕಾದಂಬರಿಯ ಕೊನೆಯ ಪತ್ರವನ್ನು ಮರ್ತ್‌ವೇಟ್ ಎಂಬ ದೇಶಸಂಚಾರಿಯು ಕಾಠೇವಾಡದಿಂದ ೧೮೫೦ರಲ್ಲಿ ಬರೆಯುತ್ತಾನೆ. ಬೆಳುದಿಂಗಳಿನಲ್ಲಿ ಸಾವಿರಾರು ಯಾತ್ರಿಕರು ನೆರೆದಿರುವಾಗ ಪರದೆ ಸರಿದು, ದೇವರ ಹಣೆಯ ಮೇಲೆ ಆ ಹಳದಿಯ ಬೆಳಕು ಅವನಿಗೆ ಕಾಣುತ್ತದೆ. ಸೋಮನಾಥದ ಹೆಸರು ಆ ಕಾಲದ ಆಂಗ್ಲ ಓದುಗರಿಗೆ ಮತ್ತೊಂದು ಪ್ರಸಂಗವನ್ನು ನೆನಪಿಗೆ ತಂದಿರಬೇಕು. ೧೮೪೨ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೋ ಸೋಮನಾಥದ ಬಾಗಿಲುಗಳೆಂದು ಘಜನಿಯಿಂದ ಒಂದು ಜೊತೆ ಬಾಗಿಲುಗಳನ್ನು ಮೆರವಣಿಗೆಯಲ್ಲಿ ತರಿಸಿ ಘೋಷಣೆ ಹೊರಡಿಸಿದನು. ಅವು ಶ್ರೀಗಂಧದವಲ್ಲ, ದೇವದಾರುವಿನವು, ಸೋಮನಾಥದವೇ ಅಲ್ಲವೆಂದು ಅನಂತರ ಗೊತ್ತಾಗಿ ಆಗ್ರಾ ಕೋಟೆಯಲ್ಲಿಯೇ ಉಳಿದುವು. ಸರ್ಕಾರವು ಕೊಟ್ಟುದು ಸುಳ್ಳು ಬಾಗಿಲು. ಕಥೆಯಲ್ಲಿ ನಿಜವಾದ ರತ್ನವು ಮರಳಿದುದು ಯಾವ ಸರ್ಕಾರದ ಕೃಪೆಯಿಂದಲೂ ಅಲ್ಲ.

ಆದರೆ ಚರಿತ್ರೆಯು ಕಥೆಗೆ ಎದುರಾಗಿ ನಡೆದುದನ್ನೂ ಮರೆಯಬಾರದು. ೧೮೪೯ರಲ್ಲಿ ಪಂಜಾಬು ಕಂಪೆನಿಯ ವಶವಾದಾಗ ಲಾಹೋರಿನ ಒಪ್ಪಂದದ ಮೂಲಕ ಕೋಹಿನೂರನ್ನು ಬಾಲಕನಾದ ದುಲೀಪಸಿಂಹನಿಂದ ಪಡೆದರು. ೧೮೫೦ರಲ್ಲಿ ಅದನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಿದರು. ೧೮೫೧ರ ಮಹಾಪ್ರದರ್ಶನದಲ್ಲಿ ಜನರಿಗೆ ತೋರಿಸಿ ೧೮೫೨ರಲ್ಲಿ ಮತ್ತೆ ಕೊರೆಯಿಸಿದರು. ಕಲ್ಪನೆಯ ವಜ್ರವು ಸೋಮನಾಥದಲ್ಲಿ ಬೆಳಗಿದ ವರ್ಷವೇ ನಿಜವಾದ ವಜ್ರವು ಲಂಡನ್ನನ್ನು ಸೇರಿತು. ಕಾಲಿನ್ಸನು ೧೮೬೮ರಲ್ಲಿ ಕುಳಿತು ೧೮೫೦ನೆಯ ವರ್ಷವನ್ನೇ ಆರಿಸಿಕೊಂಡುದು ಆಕಸ್ಮಿಕವೋ ಬುದ್ಧಿಪೂರ್ವಕವೋ, ಮುನ್ನುಡಿಯಲ್ಲಿ ಕೋಹಿನೂರಿನ ಹೆಸರನ್ನು ತಾನೇ ಎತ್ತಿದವನಿಗೆ ಈ ಎದುರುಬದುರು ಕಾಣದೆ ಇದ್ದಿರಲಾರದು.

ನಮ್ಮ ಸಾಹಿತ್ಯದಲ್ಲಿಯೂ ಇಂತಹ ಪುನರ್ವಾಚನಕ್ಕೆ ಕಾದಿರುವ ಗ್ರಂಥಗಳಿವೆ. ಮುದ್ರಾರಾಕ್ಷಸದ ಕಥೆಯನ್ನು ಕೆಂಪುನಾರಾಯಣನು ೧೮೨೩ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮುದ್ರಾಮಂಜೂಷವೆಂಬ ಗದ್ಯವಾಗಿ ಬರೆದನು. ಗೂಢಚಾರರು, ಸುಳ್ಳು ಪತ್ರ, ಉಂಗುರದ ಮುದ್ರೆ, ರಾಜ್ಯವೊಂದು ಕೈ ಬದಲಾಯಿಸುವ ಬಗೆ, ಇವೆಲ್ಲವೂ ಅದರಲ್ಲಿವೆ. ಶ್ರೀರಂಗಪಟ್ಟಣವು ಬಿದ್ದು ೨೪ ವರ್ಷಗಳಾಗಿದ್ದ ಮೈಸೂರಿನಲ್ಲಿ ನಂದರ ರಾಜ್ಯನಾಶದ ಕಥೆಯನ್ನು ಕನ್ನಡ ಗದ್ಯಕ್ಕೆ ತಂದ ಕಾಲವನ್ನೂ ಲಕ್ಷಿಸಿ ಆ ಗ್ರಂಥವನ್ನು ಮತ್ತೆ ಓದುವುದು ಫಲಪ್ರದವಾಗಬಹುದು.

ಒಟ್ಟಿನಲ್ಲಿ, ಕುತೂಹಲಕಾದಂಬರಿಗೆ ಗುಟ್ಟು ಬಯಲಾದೊಡನೆ ಮರಣವೆಂಬ ಎಣಿಕೆ ಎಲ್ಲ ಕಡೆಯೂ ಸಲ್ಲದು. ಕಟ್ಟಿದ ಗುಟ್ಟು ಕೇವಲ ಯುಕ್ತಿಯಾಗಿದ್ದರೆ ಅದು ತೀರಿಹೋಗುತ್ತದೆ. ಆ ಗುಟ್ಟಿನಲ್ಲಿ ಒಂದು ಕಾಲದ ಜನರು ತಮಗೆ ತಾವೇ ಹೇಳಿಕೊಳ್ಳದೆ ಇಟ್ಟುಕೊಂಡಿದ್ದ ವಿಷಯವೂ ಸೇರಿದ್ದರೆ ಮುಂದಿನ ಕಾಲದವರು ಅದನ್ನು ತೆರೆದು ಓದುತ್ತಾರೆ. ಶ್ರೀರಂಗಪಟ್ಟಣದಲ್ಲಿ ಅರಮನೆಯ ನೆಲಗಟ್ಟು ಮಾತ್ರ ಉಳಿದಿದೆ. ಅದರ ಭಂಡಾರದ ವಸ್ತುಗಳಲ್ಲಿ ಎಷ್ಟೋ ಸಾವಿರ ಹರದಾರಿಗಳ ಆಚೆ ಗಾಜಿನ ಪೆಟ್ಟಿಗೆಗಳಲ್ಲಿ ಹೆಸರಿನ ಚೀಟಿಗಳೊಡನೆ ಇವೆ. ಆ ಚೀಟಿಗಳಲ್ಲಿ ೧೭೯೯ ಎಂಬ ವರ್ಷವನ್ನು ಕಾಣುವ ಕನ್ನಡಿಗನು ಅದರ ಪಕ್ಕದಲ್ಲಿ ಈ ಹಳೆಯ ಕಾದಂಬರಿಯನ್ನೂ ಇಟ್ಟುಕೊಂಡು ಓದಿದರೆ ಎರಡೂ ಅವನಿಗೆ ಹೆಚ್ಚು ಸ್ಪಷ್ಟವಾಗುವುವು.